ಗುಡ್ಡ ದೂರ ಹೋತಲ್ರೀ

ಹಂಪಿ ಪಕ್ಕದ ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಡೆದರೆ, ಮಾಲ್ಯವಂತ ಬೆಟ್ಟದ ಆಚೆ ಬದಿಯ ಬಯಲಿನಲ್ಲಿ ಒಂದು ಬಂಡೆಗುಡ್ಡ ಇದೆ. ಅದಕ್ಕೊಂದು ಹೆಸರು ಇದ್ದಂತಿಲ್ಲ. ಕೆಳಗೆ ಆನೆಗಾತ್ರದ ಮೂರು ಬಂಡೆ, ಅವುಗಳ ಹೆಗಲ ಮೇಲೆ ಮೊಟ್ಟೆಯಂಥ ಇನ್ನೊಂದು, ಅದರ ನೆತ್ತಿಯಲ್ಲಿ ಸೀಳು, ಸೀಳಿನಲ್ಲಿ ಒಂದು ಬಸರಿ ಗಿಡ. ಆರು ವರ್ಷದ ಹಿಂದೆ, ಜನವರಿಯ ಒಂದು ಬೆಳಗ್ಗೆ, ಅದರ ಮುಂದೆ ಟ್ರೈಪಾಡ್ ಊರಿ ಕರಿಬಟ್ಟೆ ಹೊದ್ದು ನಿಂತಿದ್ದೆ. 4×5 ಫಿಲ್ಮ್ ಕ್ಯಾಮೆರಾ ಕೈಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ.

ಕುರಿ ಕಾಯುವ ಹಿರಿಯರೊಬ್ಬರು ಆಗಲೇ ಎರಡು ಸಲ ಆ ದಾರಿಯಲ್ಲಿ ಹಾದುಹೋಗಿದ್ದರು. ಮೂರನೇ ಸಲ ನಿಂತು, "ಅದರಾಗ ಏನ್ ನೋಡಾಕತ್ತೀರಿ ಅಷ್ಟೊತ್ತಿಂದ?" ಅಂದರು. ಬಟ್ಟೆ ಎತ್ತಿ, ನೀವೇ ನೋಡಿ ಅಂದೆ. ಕಂಬಳಿ ಹೆಗಲಿಗೇರಿಸಿಕೊಂಡು ತಲೆ ಒಳಗೆ ಹಾಕಿದರು. ಚಿತ್ರ ತಲೆಕೆಳಗಾಗಿರುವುದನ್ನು ಕಂಡು ಬೆರಗಾಗುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಅದೊಂದು ವಿಷಯವೇ ಆಗಲಿಲ್ಲ. ತಲೆ ಹೊರತೆಗೆದು ಬಂಡೆಯನ್ನೊಮ್ಮೆ ನೋಡಿದರು, ಮತ್ತೆ ಒಳಹೋಗಿ ಗಾಜನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಗುಡ್ಡ ದೂರ ಹೋತಲ್ರೀ. ಅದು ಇಲ್ಲೇ ಐತಲ್ಲ" ಅಂದರು.

ಅವರು ಕುರಿ ಹಿಂದೆ ಹೋದರು. ನಾನು ಮತ್ತೆ ಬಟ್ಟೆಯೊಳಗೆ ಹೋಗಿ ನೋಡಿದೆ. ನಿಜ. ಬರಿಗಣ್ಣಿಗೆ ಮೈಮೇಲೆ ಬೀಳುವಂತಿದ್ದ ಬಂಡೆ ಗಾಜಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟಾಗಿತ್ತು. ಅದರ ಸುತ್ತ ಆಕಾಶ, ಹುಲ್ಲು, ಜಾಲಿ, ಎಡಕ್ಕೊಂದು ವಿದ್ಯುತ್ ಕಂಬ, ಬಲಕ್ಕೆ ಬಾಳೆತೋಟದ ಬೇಲಿ. ಎಲ್ಲವೂ ಇತ್ತು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ ಬಂಡೆ ಮಾತ್ರ ಇರಲಿಲ್ಲ.

ಕ್ಯಾಮೆರಾದ ಮುಂದಿದ್ದದ್ದು 90 ಎಂಎಂ ಲೆನ್ಸ್. ನನ್ನ ಮೊದಲನೆಯದು.

ಈ ಕ್ಯಾಮೆರಾ ಗೊತ್ತಿಲ್ಲದವರಿಗಾಗಿ ಎರಡು ಮಾತು. 4×5 ಅಂದರೆ ನಾಲ್ಕಿಂಚು ಐದಿಂಚಿನ ಫಿಲ್ಮ್ ಹಾಳೆ. ಹಾಳೆ ಕೂರುವ ಹೋಲ್ಡರ್‌ನ ಅಂಚು ಕಳೆದು ಚಿತ್ರ ಬೀಳುವ ಜಾಗ ಸುಮಾರು 96×120 ಮಿಲಿಮೀಟರ್. ಹಿಂದೆ ಒಂದು ಮಸುಕು ಗಾಜು, ಮುಂದೆ ಹಲಗೆಗೆ ಸಿಕ್ಕಿಸಿದ ಲೆನ್ಸ್, ನಡುವೆ ಕಮ್ಮಾರರ ತಿದಿಯಂಥ ಬೆಲ್ಲೋಸ್. ನಮ್ಮೂರುಗಳ ಹಳೆಯ ಸ್ಟುಡಿಯೋಗಳಲ್ಲಿ ಮರದ ಕ್ಯಾಮೆರಾ ಇರುತ್ತಿದ್ದವಲ್ಲ, ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿಯಂಥವು, ಅದೇ ವಂಶ. ಬೆಟ್ಟ ಹತ್ತಲು ಆಗುವಷ್ಟು ಹಗುರ, ಅಷ್ಟೇ ವ್ಯತ್ಯಾಸ. ಜೂಮ್ ಇಲ್ಲ. ಲೆನ್ಸ್‌ನ ಎಂಎಂ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ಕಿರಿದು. ಒಂದು ಹೋಲ್ಡರ್‌ನಲ್ಲಿ ಎರಡು ಹಾಳೆ. ಮೂರು ಹೋಲ್ಡರ್ ಹೊತ್ತರೆ ದಿನಕ್ಕೆ ಆರು ಚಿತ್ರ. ಒಂದು ಹಾಳೆಯ ಬೆಲೆ ಹೋಟೆಲಿನ ಒಂದು ಊಟಕ್ಕಿಂತ ಹೆಚ್ಚು.

ಹೀಗಿರುವಾಗ ಮೊದಲ ಲೆನ್ಸ್ ಅಂದರೆ ಮುಂದೆ ಒಂದೆರಡು ವರ್ಷ ಇರುವ ಒಂದೇ ಲೆನ್ಸ್. ಅದು ಹೇಗೆ ನೋಡುತ್ತದೋ ಹಾಗೆ ನೋಡುವುದನ್ನು ನಾವು ಕಲಿಯುತ್ತೇವೆ. ಎಲ್ಲಿ ನಿಲ್ಲಬೇಕು ಎಂದು ಕಾಲಿಗೆ ಕಲಿಸುವುದೂ ಅದೇ. ನನಗೆ ಆಗ ಇದು ಗೊತ್ತಿರಲಿಲ್ಲ. ನಿಸರ್ಗದ ಚಿತ್ರ ಅಂದರೆ ವಿಶಾಲ, ವಿಶಾಲ ಅಂದರೆ ವೈಡ್, ವೈಡ್ ಅಂದರೆ 90. ನನ್ನ ಲೆಕ್ಕ ಇಷ್ಟೇ ಇತ್ತು. ಡಿಜಿಟಲ್‌ನಲ್ಲಿ ಹತ್ತು ವರ್ಷ ಅಗಲ ಲೆನ್ಸ್‌ನಲ್ಲೇ ಚಿತ್ರ ತೆಗೆದಿದ್ದರಿಂದ ಅನುಮಾನವೂ ಬರಲಿಲ್ಲ.

4×5ರ ಲೆನ್ಸನ್ನು 35 ಎಂಎಂ ಕ್ಯಾಮೆರಾದ ಲೆಕ್ಕಕ್ಕೆ ತರಲು ಮೂರೂವರೆಯಿಂದ ಭಾಗಿಸಿದರೆ ಸಾಕು. 90 ಅಂದರೆ ಸುಮಾರು 26. 150 ಅಂದರೆ 43. 210 ಅಂದರೆ 60. ಫಿಲ್ಮ್‌ನ ಕರ್ಣ 153 ಮಿಲಿಮೀಟರ್ ಆಗುವುದರಿಂದ 150ನ್ನು ನಾರ್ಮಲ್ ಅನ್ನುತ್ತಾರೆ. ಅಡ್ಡ ಹಿಡಿದಾಗ 90 ಎಂಎಂ ಸುಮಾರು 67 ಡಿಗ್ರಿ ನೋಡುತ್ತದೆ, 150 ಸುಮಾರು 44, 210 ಸುಮಾರು 32.

ಈ ಸಂಖ್ಯೆಗಳು ನನಗೂ ಗೊತ್ತಿದ್ದವು. ಆದರೆ ಡಿಗ್ರಿ ಅನ್ನುವುದು ತಲೆಗೆ ಗೊತ್ತಾಗುತ್ತದೆ, ಮೈಗೆ ಗೊತ್ತಾಗುವುದಿಲ್ಲ. ಮೈಗೆ ಗೊತ್ತಾಗುವ ಲೆಕ್ಕ ಬೇರೆ. ಮಾತಂಗ ಬೆಟ್ಟದ ಮೇಲೆ ನಿಂತರೆ ವಿರೂಪಾಕ್ಷನ ಗೋಪುರ ಸುಮಾರು ಒಂದು ಕಿಲೋಮೀಟರ್ ದೂರ, ಗೋಪುರದ ಎತ್ತರ ಸುಮಾರು 50 ಮೀಟರ್. 90 ಎಂಎಂ ಲೆನ್ಸ್ ಆ ಗೋಪುರವನ್ನು ಫಿಲ್ಮ್ ಮೇಲೆ ನಾಲ್ಕೂವರೆ ಮಿಲಿಮೀಟರ್ ಎತ್ತರಕ್ಕೆ ಬರೆಯುತ್ತದೆ. ಒಂದು ಅಕ್ಕಿಕಾಳು. 150ರಲ್ಲಿ ಏಳೂವರೆ, 210ರಲ್ಲಿ ಹತ್ತೂವರೆ. ಮಾತಂಗದ ಮೇಲೆ ನಿಂತಾಗ ನನ್ನ ಕಣ್ಣಿಗೆ ಗೋಪುರ ಅಕ್ಕಿಕಾಳಾಗಿ ಕಂಡದ್ದೇ ಇಲ್ಲ. ಇಡೀ ಬಯಲನ್ನು ಅದೊಂದೇ ಹಿಡಿದು ನಿಲ್ಲಿಸಿದ ಹಾಗೆ ಕಾಣುತ್ತದೆ. ಕಣ್ಣು ತನಗೆ ಬೇಕಾದ್ದನ್ನು ಹಿಗ್ಗಿಸಿಕೊಂಡು ಉಳಿದದ್ದನ್ನು ಬಿಡುತ್ತದೆ. ಅಗಲ ಲೆನ್ಸ್ ಏನನ್ನೂ ಬಿಡುವುದಿಲ್ಲ.

ಅಗಲ ಲೆನ್ಸ್ ಕೆಟ್ಟದ್ದು ಅನ್ನುತ್ತಿಲ್ಲ. ಕಾಲಬುಡದ ಕಲ್ಲಿನಿಂದ ದಿಗಂತದವರೆಗೆ ಒಂದೇ ಓಟದಲ್ಲಿ ಹೇಳಬೇಕಾದಾಗ ಅದಕ್ಕೆ ಸಾಟಿ ಇಲ್ಲ. ಆದರೆ ಹಾಗೆ ಹೇಳಲು ಕಾಲಬುಡದಲ್ಲಿ ಏನಾದರೂ ಇರಬೇಕು. ಮೂರಡಿ ದೂರದಲ್ಲಿ ಬಲವಾದ ಒಂದು ವಸ್ತು ಇಲ್ಲದಿದ್ದರೆ ಅಗಲ ಲೆನ್ಸ್‌ನ ಚಿತ್ರದ ಕೆಳಗಿನ ಅರ್ಧ ಬರೀ ನೆಲ. ಹೀಗಾಗಿ ಅದನ್ನು ಹಿಡಿದವರು ಬೆಟ್ಟ ನೋಡಲು ಹೋಗಿ ನೆಲದ ಮೇಲೆ ಕಲ್ಲು ಹುಡುಕುತ್ತಾ ತಿರುಗುತ್ತಾರೆ. ನಾನು ಒಂದು ಇಡೀ ಚಳಿಗಾಲ ಹಾಗೆ ತಿರುಗಿದ್ದೇನೆ.

ನನ್ನ 90ರಲ್ಲಿ ಇನ್ನೊಂದು ತೊಡಕಿತ್ತು. ಅದು ಹಳೆಯ ಕಾಲದ ಪುಟ್ಟ ಎಫ್/6.8 ಲೆನ್ಸ್, ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದು. (ಎಫ್ ಅನ್ನುವುದು ಲೆನ್ಸ್‌ನ ತೂತಿನ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ತೂತು ಕಿರಿದು, ಬೆಳಕು ಕಡಿಮೆ.) ಹಗುರ ಅಂತಲೇ ಕೊಂಡಿದ್ದೆ. ಲೆನ್ಸ್ ಫಿಲ್ಮ್ ಮೇಲೆ ಚೌಕವನ್ನು ಮೂಡಿಸುವುದಿಲ್ಲ, ಒಂದು ವೃತ್ತವನ್ನು ಮೂಡಿಸುತ್ತದೆ. ಆ ವೃತ್ತದೊಳಗೆ ನಮ್ಮ ಹಾಳೆ ಕೂರಬೇಕು. ನನ್ನದರ ವೃತ್ತ 154 ಮಿಲಿಮೀಟರ್, ಫಿಲ್ಮ್‌ನ ಕರ್ಣ 153. ಹಾಳೆ ಕೂತಿತು, ನಿಜ. ಆದರೆ ಹೊಸ ಮನೆಗೆ ತಂದ ಬೀರು ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಕೊಂಡ ಹಾಗೆ, ಅತ್ತಿತ್ತ ಒಂದು ನೂಲೂ ಅಲ್ಲಾಡುವಂತಿರಲಿಲ್ಲ.

ಈ ಕ್ಯಾಮೆರಾ ಕೊಳ್ಳುವುದೇ ಅಲ್ಲಾಡಿಸಲಿಕ್ಕೆ. ಮುಂದಿನ ಹಲಗೆಯನ್ನು ಮೇಲೆತ್ತಿದರೆ ಕ್ಯಾಮೆರಾ ಬಾಗಿಸದೆಯೇ ಬೆಟ್ಟದ ತುದಿ ಚಿತ್ರದೊಳಗೆ ಬರುತ್ತದೆ, ಮರಗಳು ಹಿಂದಕ್ಕೆ ವಾಲಿದಂತೆ ಕಾಣುವುದಿಲ್ಲ. ಇದನ್ನೇ ರೈಸ್ ಅನ್ನುವುದು. ನಾನು ಹಲಗೆಯನ್ನು ಅರ್ಧ ಇಂಚು ಎತ್ತಿದ ಕೂಡಲೇ ಆಕಾಶದ ಎರಡು ಮೂಲೆಗಳು ಕಪ್ಪಾದವು. ನಸುಕಿನ ಮಬ್ಬಿನಲ್ಲಿ ಗಾಜಿನ ಮೇಲೆ ಅದು ನನಗೆ ಕಾಣಲಿಲ್ಲ. ಮೊದಲ ನಾಲ್ಕು ಹಾಳೆಗಳನ್ನು ತೊಳೆದು ಬಚ್ಚಲುಮನೆಯಲ್ಲಿ ಕ್ಲಿಪ್ ಹಾಕಿ ತೂಗುಬಿಟ್ಟಾಗ ಕಂಡಿತು. ನೆಗೆಟಿವ್‌ನಲ್ಲಿ ಎರಡು ಮೂಲೆ ಬರೀ ಪಾರದರ್ಶಕ, ಕತ್ತರಿಸಿ ತೆಗೆದ ಹಾಗೆ. ಹನಿ ತೊಟ್ಟಿಕ್ಕುವ ಆ ನಾಲ್ಕು ಹಾಳೆ ನೋಡುತ್ತಾ ಬಹಳ ಹೊತ್ತು ನಿಂತಿದ್ದೆ. ಅವತ್ತೇ ಅದನ್ನು ಮಾರುವುದು ಅಂತ ತೀರ್ಮಾನವಾಯಿತು. ಬದಲಿಗೆ ಯಾವುದು ಅನ್ನುವುದು ತೀರ್ಮಾನವಾಗಲಿಲ್ಲ.

ತಪ್ಪು ಇನ್ನೊಮ್ಮೆ ಆಗಬಾರದು ಎಂದು ಒಂದು ಕೆಲಸ ಮಾಡಿದೆ. ಮನೆಯಲ್ಲಿದ್ದ ಸೀರೆ ಡಬ್ಬದ ರಟ್ಟು ತಗೊಂಡು ನಡುವೆ 9.6 ಸೆಂಟಿಮೀಟರ್‌ಗೆ 12 ಸೆಂಟಿಮೀಟರ್ ಕಿಟಕಿ ಕೊರೆದೆ. ಸುತ್ತ ಕಪ್ಪು ಬಣ್ಣ ಬಳಿದೆ. ಅಮ್ಮನ ಹೂ ಕಟ್ಟುವ ದಾರದಲ್ಲಿ ಒಂದು ತುಂಡು ಕತ್ತರಿಸಿ ಒಂದು ತುದಿಯನ್ನು ರಟ್ಟಿಗೆ ಪೋಣಿಸಿ, ರಟ್ಟಿನಿಂದ ಅಳೆದು 90, 135, 150, 180, 210, 300 ಮಿಲಿಮೀಟರ್‌ಗೆ ಒಂದೊಂದು ಗಂಟು ಹಾಕಿದೆ. ಗುರುತು ಸಿಗಲೆಂದು 150ಕ್ಕೆ ಕುಂಕುಮ ಹಚ್ಚಿದೆ. ಒಂದು ಕಣ್ಣು ಮುಚ್ಚಿ, ಬೇಕಾದ ಗಂಟನ್ನು ತೆರೆದ ಕಣ್ಣಿನ ಕೆಳಗೆ ಕೆನ್ನೆಯ ಮೂಳೆಗೆ ಒತ್ತಿ, ದಾರ ಬಿಗಿಯಾಗುವ ತನಕ ರಟ್ಟನ್ನು ಮುಂದೆ ಹಿಡಿದರೆ, ಕಿಟಕಿಯಲ್ಲಿ ಕಾಣುವುದೇ ಆ ಲೆನ್ಸ್ ಹಿಡಿಯುವ ಚಿತ್ರ. ಫಿಲ್ಮ್‌ನಷ್ಟೇ ಅಳತೆಯ ಕಿಟಕಿ, ಲೆನ್ಸ್‌ನಷ್ಟೇ ದೂರ. ಕೋನ ತಾನಾಗಿಯೇ ಹೊಂದುತ್ತದೆ. ನಿಸರ್ಗದ ಫೋಟೋ ತೆಗೆಯುವವರು ಇದನ್ನು ಬಹಳ ಕಾಲದಿಂದ ಮಾಡುತ್ತಾ ಬಂದಿದ್ದಾರೆ, ನನ್ನ ಶೋಧವೇನಲ್ಲ. ಆದರೆ ಕೊಳ್ಳುವ ಮೊದಲೇ ಮಾಡಿದವರು ಕಡಿಮೆ.

ಎರಡು ತಿಂಗಳು ಕ್ಯಾಮೆರಾ ಮನೆಯಲ್ಲೇ ಬಿಟ್ಟು ರಟ್ಟು, ದಾರ, ಒಂದು ನೋಟ್‌ಬುಕ್ ಇಷ್ಟೇ ಹಿಡಿದು ತಿರುಗಿದೆ. ಹೇಮಕೂಟ, ಮಾತಂಗ, ಹೊಳೆಯಾಚೆ ಆನೆಗೊಂದಿ, ತುಂಗಭದ್ರೆಯ ದಂಡೆಯ ಬಂಡೆಗಳು. ನಿಯಮ ಒಂದೇ: ಮೊದಲು ಬರಿಗಣ್ಣಲ್ಲಿ ನೋಡುವುದು, ಏನಾದರೂ ಹಿಡಿದು ನಿಲ್ಲಿಸಿದರೆ ಅಲ್ಲೇ ನಿಲ್ಲುವುದು, ಒಂದು ಹೆಜ್ಜೆಯೂ ಕದಲದೆ ರಟ್ಟು ಎತ್ತಿ ಹಿಂದೆ ಮುಂದೆ ಮಾಡಿ, ಚಿತ್ರ ಸರಿ ಕೂತಾಗ ಯಾವ ಗಂಟು ಕೆನ್ನೆಗೆ ಬಂತೆಂದು ಗೆರೆ ಹಾಕುವುದು. ಕಣ್ಣಿಗೆ ಇಷ್ಟವಾದದ್ದನ್ನು ಬರೆಯಬೇಕು, ಲೆನ್ಸ್‌ಗೆ ಇಷ್ಟವಾದದ್ದನ್ನಲ್ಲ. ಇದೇ ಕಷ್ಟದ ಭಾಗ. ಮೊದಲ ವಾರ ಕೈ ತಾನಾಗಿ 90ರ ಗಂಟಿಗೇ ಹೋಗುತ್ತಿತ್ತು. ಆ ಗಂಟು ಹಿಡಿದರೆ ರಟ್ಟು ಮೂಗಿಗೆ ತಾಗುವಷ್ಟು ಹತ್ತಿರ ಬರುತ್ತದೆ, ಕಿಟಕಿಯ ನಾಲ್ಕೂ ಅಂಚು ನೋಡಲು ಕಣ್ಣನ್ನೇ ತಿರುಗಿಸಬೇಕಾಗುತ್ತದೆ. ಅಷ್ಟು ಅಗಲವನ್ನು ನಾನು ಒಂದು ನೋಟದಲ್ಲಿ ನೋಡುತ್ತಲೇ ಇರಲಿಲ್ಲ ಎಂದು ಗೊತ್ತಾದದ್ದು ಆಗ.

ಎರಡನೇ ತಿಂಗಳ ಹೊತ್ತಿಗೆ ನೋಟ್‌ಬುಕ್ ನೋಡಿದರೆ 210ರ ಎದುರು ಗೆರೆಗಳು ಒತ್ತಾಗಿದ್ದವು. ಅದರ ಹಿಂದೆ 150. ಆಮೇಲೆ 180, 300. 90ರ ಎದುರಿನ ಗೆರೆಗಳಲ್ಲಿ ಮುಕ್ಕಾಲು ಪಾಲು ಮೊದಲ ವಾರದವು.

ಅದಕ್ಕೆ ಕಾರಣ ಈ ನೆಲವೇ ಅನ್ನಿಸುತ್ತದೆ. ಹಂಪಿಯ ಸುತ್ತಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಈ ಬಂಡೆಗಳನ್ನು ಯಾವ ಭೂಕಂಪವೂ ತಂದು ರಾಶಿ ಹಾಕಿದ್ದಲ್ಲ. ಒಂದೇ ಶಿಲೆ ಬಿರುಕುಬಿಟ್ಟು, ಬಿರುಕಿನ ಗುಂಟ ನೀರಿಳಿದು, ಮೂಲೆಗಳು ಮೊದಲು ಸವೆದು, ಇದ್ದ ಜಾಗದಲ್ಲೇ ದುಂಡಗಾದವು. ಹಾಗಾಗಿ ಪ್ರತಿ ಬಂಡೆಗೂ ಪಕ್ಕದ ಬಂಡೆಗೂ ನಡುವೆ ಒಂದು ಸಂಬಂಧ ಇದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಇನ್ನೂ ಹೊಂದುತ್ತದೆ. ಇದು ಕಾಣುವುದು ನಾಲ್ಕೈದು ಬಂಡೆಗಳನ್ನು ಒಟ್ಟಿಗೆ ನೋಡಿದಾಗ. ನಾನೂರು ಬಂಡೆಗಳನ್ನು ಒಟ್ಟಿಗೆ ನೋಡಿದರೆ ಕಾಣುವುದು ರಾಶಿ ಮಾತ್ರ. ನನ್ನ ಕಣ್ಣು ಹುಡುಕುತ್ತಿದ್ದದ್ದು ಆ ನಾಲ್ಕೈದನ್ನು.

ಉದ್ದ ಲೆನ್ಸ್‌ನಲ್ಲಿ ನಿಸರ್ಗ ತೆಗೆಯುವುದು ವಿಚಿತ್ರವೇನಲ್ಲ. 1941ರ ನವೆಂಬರ್ 1ರ ಸಂಜೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಚಂದ್ರೋದಯದ ಚಿತ್ರ ತೆಗೆದರು. ಸ್ಮಶಾನದ ಬಿಳಿ ಶಿಲುಬೆಗಳು, ಮೇಲೆ ಕಡುಗಪ್ಪು ಆಕಾಶ. ನೋಡಿದವರೆಲ್ಲ ಅದರ ವಿಶಾಲತೆಯ ಬಗ್ಗೆ ಮಾತಾಡುತ್ತಾರೆ. ಅವರು ಬಳಸಿದ್ದು 8×10 ಕ್ಯಾಮೆರಾ, ಕುಕ್ ಸೀರೀಸ್ 15 ಲೆನ್ಸ್. ಅದು ಬಿಡಿಸಿ ಬಳಸಬಹುದಾದ ಲೆನ್ಸ್, ಪೂರ್ತಿ ಜೋಡಿಸಿದರೆ ಹನ್ನೆರಡು ಇಂಚಿನ ಆಸುಪಾಸು. ಆ ಸಂಜೆ ಅವರು ಅದರಲ್ಲಿ 23 ಇಂಚಿನ ಭಾಗವನ್ನಷ್ಟೇ ಬಳಸಿದರು. ನಮ್ಮ 4×5ಕ್ಕೆ ಇಳಿಸಿದರೆ ಅದು ಹತ್ತಿರ ಹತ್ತಿರ 290 ಎಂಎಂ. ಇದನ್ನು ಓದಿದ ದಿನ ನನಗೆ ದೊಡ್ಡ ನಿರಾಳ. ಆ ಆಕಾಶದ ವಿಸ್ತಾರ ಲೆನ್ಸ್‌ನ ಅಗಲದಿಂದ ಬಂದದ್ದಲ್ಲ, ಸುತ್ತಲಿನದನ್ನೆಲ್ಲ ಹೊರಗಿಟ್ಟದ್ದರಿಂದ ಬಂದದ್ದು.

ಇಷ್ಟು ದೂರ ಹೋಗುವುದೂ ಬೇಡ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ನಮ್ಮ ಹಂಪಿಯನ್ನು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ. ಒಂದೊಂದೂ ಸುಮಾರು ಒಂದೂವರೆ ಅಡಿ ಅಗಲ. ವಿಟ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಆಗಿನ್ನೂ ಇಟ್ಟಿಗೆಯ ಶಿಖರ ಇತ್ತು, ಇವತ್ತು ಇಲ್ಲ. ಅದು ನಮಗೆ ಗೊತ್ತಾಗುವುದು ಅವನ ಚಿತ್ರದಿಂದ. ಅಗಲ ಕೋನದ ಲೆನ್ಸ್‌ಗಳು ಬಳಕೆಗೆ ಬಂದದ್ದು ಆಮೇಲೆ, 1860ರ ದಶಕದಲ್ಲಿ. ಹಾಗಾಗಿ ಅವನಿಗೆ ಹತ್ತಿರ ನಿಂತು ಎಲ್ಲವನ್ನೂ ತುರುಕುವ ದಾರಿ ಇರಲಿಲ್ಲ. ನಡೆದು, ಹಿಂದೆ ಸರಿದು, ಸರಿಯಾದ ಜಾಗ ಹುಡುಕಿ ನಿಂತ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಬದಲಾದ ಕಟ್ಟಡಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಆ ನಿಲುವಿನ ಜಾಗ. ಚಿತ್ರದ ಅರ್ಧ ಕೆಲಸ ಕಾಲು ಮಾಡಿಬಿಟ್ಟಿದೆ.

ಸರಿ, ಕಣ್ಣು 210 ಅಂದಿತು. ಕ್ಯಾಮೆರಾ ಒಪ್ಪಬೇಕಲ್ಲ.

ಮೊದಲು ಬೆಲ್ಲೋಸ್. ದೂರದ ವಸ್ತುವಿಗೆ ಫೋಕಸ್ ಮಾಡಲು ಲೆನ್ಸ್ ಎಷ್ಟು ಎಂಎಂ ಇದೆಯೋ ಸರಿಸುಮಾರು ಅಷ್ಟೇ ದೂರ ಫಿಲ್ಮ್‌ನಿಂದ ಮುಂದೆ ಇರಬೇಕು. ನನ್ನ ಮರದ ಕ್ಯಾಮೆರಾ 300 ಮಿಲಿಮೀಟರ್‌ವರೆಗೆ ಚಾಚುತ್ತದೆ. 300ರ ಲೆನ್ಸ್ ಹಾಕಿದರೆ ದಿಗಂತಕ್ಕೆ ಮಾತ್ರ ಫೋಕಸ್ ಆದೀತು, ಅದೂ ಬೆಲ್ಲೋಸ್ ಪೂರ್ತಿ ಎಳೆದು ಗಾಳಿಗೆ ಪಟದಂತೆ ನಡುಗುವಾಗ. 210 ಹಾಕಿದರೆ ಮುಕ್ಕಾಲು ಮೀಟರ್ ಹತ್ತಿರದ ಕಲ್ಲಿಗೂ ಫೋಕಸ್ ಆಗುತ್ತದೆ. 90ರಲ್ಲಿ ಇದಕ್ಕೆ ತದ್ವಿರುದ್ಧ ಕಷ್ಟ: ಬೆಲ್ಲೋಸ್ ಹಿಸುಕಿ ಮುದ್ದೆಯಾಗಿ ಹಲಗೆಯನ್ನು ಎತ್ತಲೂ ಬಿಡುವುದಿಲ್ಲ.

ಆಮೇಲೆ ವೃತ್ತ. ಒಮ್ಮೆ ಸುಟ್ಟುಕೊಂಡ ಕೈ, ಇದನ್ನು ಮೊದಲೇ ಲೆಕ್ಕ ಹಾಕಿದೆ. 150ರ ಸಾಮಾನ್ಯ ಎಫ್/5.6 ಲೆನ್ಸ್‌ಗಳು, ನಿಕಾನ್‌ನ ನಿಕ್ಕೋರ್-ಡಬ್ಲ್ಯೂ ಅಥವಾ ಶ್ನೈಡರ್‌ನ ಸಿಮ್ಮಾರ್-ಎಸ್, ಎಫ್/22ರಲ್ಲಿ ಸುಮಾರು 210 ಮಿಲಿಮೀಟರ್ ವೃತ್ತ ಕೊಡುತ್ತವೆ. ಅಡ್ಡ ಚಿತ್ರದಲ್ಲಿ 38 ಮಿಲಿಮೀಟರ್‌ವರೆಗೆ ರೈಸ್ ಮಾಡಬಹುದು. ನಿಸರ್ಗಕ್ಕೆ ಇಷ್ಟು ಧಾರಾಳ. 210ರ ಲೆನ್ಸ್‌ಗಳ ವೃತ್ತ 295ರ ಹತ್ತಿರ, ಕ್ಯಾಮೆರಾ ಎಷ್ಟು ಎತ್ತಲು ಬಿಡುತ್ತದೋ ಅದಕ್ಕಿಂತ ಹೆಚ್ಚು. ಇನ್ನು 90 ಬೇಕೇ ಬೇಕು ಅನ್ನುವವರು ಹಳೆಯ ಪುಟ್ಟ ಎಫ್/6.8 ಬಿಟ್ಟು ನಿಕ್ಕೋರ್-ಎಸ್‌ಡಬ್ಲ್ಯೂ ಎಫ್/8 ತರಹದ್ದನ್ನು ನೋಡಿ. ವೃತ್ತ 235. ತುಸು ಭಾರ, ಗಾಜಿನ ಮೇಲೆ ತುಸು ಕತ್ತಲೆ, ಆದರೆ ಕ್ಯಾಮೆರಾ ಕ್ಯಾಮೆರಾವಾಗಿಯೇ ಉಳಿಯುತ್ತದೆ.

ಭಾರದಲ್ಲಿ 150 ಗೆಲ್ಲುತ್ತದೆ. ನಿಕ್ಕೋರ್-ಡಬ್ಲ್ಯೂ 150 ಕಾಲು ಕೆಜಿ ಆಸುಪಾಸು, 210 ಅರ್ಧ ಕೆಜಿಗೆ ಸ್ವಲ್ಪ ಕಡಿಮೆ. ಟ್ರೈಪಾಡ್, ಹೋಲ್ಡರ್, ನೀರಿನ ಬಾಟಲಿ ಎಲ್ಲ ಸೇರಿ ಹತ್ತು ಕೆಜಿ ಹೊರುವಾಗ ಈ ಇನ್ನೂರು ಗ್ರಾಂಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

210 ಸೋಲುವುದು ಡೆಪ್ತ್ ವಿಷಯದಲ್ಲಿ, ಅಂದರೆ ಹತ್ತಿರದಿಂದ ದೂರದವರೆಗೆ ಎಷ್ಟು ಸ್ಫುಟವಾಗಿ ಬರುತ್ತದೆ ಅನ್ನುವುದರಲ್ಲಿ, ಮತ್ತು ಇಲ್ಲಿ ಅದು ಚೆನ್ನಾಗಿಯೇ ಸೋಲುತ್ತದೆ. ಫಿಲ್ಮ್ ಮೇಲೆ 0.1 ಮಿಲಿಮೀಟರ್ ಮಸುಕನ್ನು ಒಪ್ಪಿಕೊಂಡು ಲೆಕ್ಕ ಹಾಕಿದರೆ, ಎಫ್/22ರಲ್ಲಿ 90 ಎಂಎಂಗೆ ಹೈಪರ್‌ಫೋಕಲ್ ದೂರ ನಾಲ್ಕು ಮೀಟರ್‌ಗೂ ಕಡಿಮೆ. ಆ ದೂರಕ್ಕೆ ಫೋಕಸ್ ಮಾಡಿದರೆ ಅದರರ್ಧ, ಅಂದರೆ ಎರಡು ಮೀಟರ್‌ಗಿಂತ ಈಚೆಯಿಂದ ದಿಗಂತದವರೆಗೆ ಎಲ್ಲವೂ ಸ್ಫುಟ. ಹೈಪರ್‌ಫೋಕಲ್ ದೂರ 150ಕ್ಕೆ ಹತ್ತು ಮೀಟರ್. 210ಕ್ಕೆ ಇಪ್ಪತ್ತು. ಹೆಚ್ಚು ಹೆಚ್ಚು ಮುಚ್ಚುತ್ತಾ ಹೋಗೋಣವೆಂದರೆ ಎಫ್/32 ದಾಟಿದ ಮೇಲೆ ಡಿಫ್ರಾಕ್ಷನ್, ಅಂದರೆ ಕಿರಿದಾದ ತೂತಿನಲ್ಲಿ ಬೆಳಕು ಹರಡುವುದು, ಇಡೀ ಚಿತ್ರದ ಮೊನಚನ್ನು ತಿನ್ನುತ್ತದೆ.

ಇದಕ್ಕೆ ಉತ್ತರ ಟಿಲ್ಟ್. ಲೆನ್ಸ್ ಹಲಗೆಯನ್ನು ಮುಂದಕ್ಕೆ ಬಾಗಿಸಿದರೆ ಫೋಕಸ್‌ನ ಸಮತಲ, ಅಂದರೆ ಸ್ಫುಟವಾಗಿ ಬರುವ ಪದರ, ನೆಲದ ಮೇಲೆ ಚಾಪೆಯಂತೆ ಮಲಗುತ್ತದೆ. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲೂಗ್ 1904ರ ಪೇಟೆಂಟ್‌ನಲ್ಲಿ ವಿವರಿಸಿದ ನಿಯಮ ಇದು. ಎಷ್ಟು ಬಾಗಿಸಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 90ಕ್ಕೆ ಮೂರೂವರೆ ಡಿಗ್ರಿ, 150ಕ್ಕೆ ಆರಕ್ಕೆ ಸ್ವಲ್ಪ ಕಡಿಮೆ, 210ಕ್ಕೆ ಎಂಟು. ರಾಗಿ ಹೊಲ, ಹಾಸುಬಂಡೆ, ಕೆರೆಯಂಗಳ ಇಂಥ ಮಟ್ಟಸ ನೆಲಕ್ಕೆ ಇದು ಮಂತ್ರ ಹಾಕಿದ ಹಾಗೆ ಕೆಲಸ ಮಾಡುತ್ತದೆ. ಆದರೆ ಹತ್ತಿರದಲ್ಲೇ ಎತ್ತರದ ಬಂಡೆ ನೆಟ್ಟಗೆ ನಿಂತಿದ್ದರೆ ಮಲಗಿದ ಸಮತಲ ಅದರ ಬುಡವನ್ನಷ್ಟೇ ಮುಟ್ಟುತ್ತದೆ, ನೆತ್ತಿ ಮಸುಕಾಗುತ್ತದೆ. ಹಂಪಿಯಲ್ಲಿ ಬಂಡೆ ಇಲ್ಲದ ಹತ್ತಿರ ಎಲ್ಲಿದೆ? ಹಾಗಾಗಿ 210 ಹಿಡಿದವರು ಹತ್ತಿರದ್ದನ್ನು ಬಿಟ್ಟುಕೊಡಲು ತಯಾರಿರಬೇಕು. ನಾನು ತಯಾರಿದ್ದೆ.

ಎಲ್ಲರೂ 210 ಕೊಳ್ಳಿ ಎಂದು ಹೇಳುತ್ತಿಲ್ಲ. ಮಲೆನಾಡಿನ ಗೆಳೆಯರೊಬ್ಬರು ಇದೇ ರಟ್ಟು, ಇದೇ ದಾರ ಒಯ್ದು ಆಗುಂಬೆ ಕಾಡಿನಲ್ಲಿ ತಿರುಗಿದರು. ಅವರ ಗೆರೆಗಳೆಲ್ಲ 135, 150ರಲ್ಲಿ ಬಿದ್ದವು. ಕಾಡಿನೊಳಗೆ ಹಿಂದೆ ಸರಿಯಲು ಜಾಗವೇ ಇಲ್ಲ, ನಾಲ್ಕು ಹೆಜ್ಜೆ ಇಟ್ಟರೆ ಬೆನ್ನಿಗೆ ಇನ್ನೊಂದು ಮರ. ಕುದುರೆಮುಖದ ಹುಲ್ಲುಗಾವಲಿಗೆ ಬಂದರೆ ಅವರಿಗೂ ದಾರ ಉದ್ದವಾಯಿತಂತೆ. ಎಲ್ಲಿ ಹೆಚ್ಚು ತಿರುಗುತ್ತೀರೋ ಆ ನೆಲವನ್ನು ಕೇಳಬೇಕು. ಏನೂ ತಿಳಿಯದಿದ್ದರೆ 150. ಎಲ್ಲರೂ ಹೇಳುವ ಉತ್ತರ ಅದು, ತಪ್ಪೂ ಅಲ್ಲ. ಅದರಿಂದ ಕಪ್ಪು ಮೂಲೆ ಬರುವುದಿಲ್ಲ, ಬೆಲ್ಲೋಸ್ ಸಾಲದೇ ಹೋಗುವುದಿಲ್ಲ, ಮಾರಿದರೆ ಕೊಳ್ಳುವವರೂ ಸಿಗುತ್ತಾರೆ.

ಕಂಪನಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಶ್ನೈಡರ್, ರೋಡೆನ್‌ಸ್ಟಾಕ್, ನಿಕಾನ್, ಫ್ಯೂಜಿ, ಈ ನಾಲ್ಕರಲ್ಲಿ ಯಾವುದರ ಬಹುಪದರ ಲೇಪನದ ಲೆನ್ಸ್ ಆದರೂ ನನ್ನ ಕೈ, ನನ್ನ ಟ್ರೈಪಾಡ್, ಹೊಳೆಯ ಗಾಳಿ ಇವು ಮಾಡುವ ತಪ್ಪಿಗಿಂತ ಕಡಿಮೆ ತಪ್ಪು ಮಾಡುತ್ತದೆ. ನಿಕಾನ್ ಈ ಲೆನ್ಸ್‌ಗಳನ್ನು ನಿಲ್ಲಿಸುವುದಾಗಿ 2006ರಲ್ಲೇ ಹೇಳಿತು. ನಮ್ಮಂಥವರ ಕೈಗೆ ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. ಆದ್ದರಿಂದ ಲೆನ್ಸ್‌ನ ಹೆಸರಿಗಿಂತ ಲೆನ್ಸ್‌ನ ಆರೋಗ್ಯ ಮುಖ್ಯ.

ನನಗೆ ಸಿಕ್ಕ 210 ಕೋಪಲ್ ಕಂಪನಿಯ 1ನೇ ಅಳತೆಯ ಶಟರ್‌ನಲ್ಲಿತ್ತು. ಗಾಜು ಚೆನ್ನಾಗಿತ್ತು. ಟಾರ್ಚ್ ಹಿಂದಿನಿಂದ ಓರೆಯಾಗಿ ಹಾಯಿಸಿ ನೋಡಿದೆ. ಬೂಷ್ಟು ಇದ್ದರೆ ಜೇಡರ ಬಲೆಯ ಎಳೆಯಂತೆ ಕವಲೊಡೆದು ಕಾಣುತ್ತದೆ, ಇದರಲ್ಲಿ ಇರಲಿಲ್ಲ. ಒಂದೆರಡು ಧೂಳಿನ ಕಣ ಇದ್ದವು. ಧೂಳಿಗೆ ಹೆದರಬೇಕಿಲ್ಲ, ಬೂಷ್ಟಿಗೆ ಹೆದರಬೇಕು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು ಲೆನ್ಸನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟು ಜೆಲ್ ಬಣ್ಣಗೆಟ್ಟಾಗ ಬದಲಿಸುತ್ತಿರಬೇಕು. ಚರ್ಮದ ಪೆಟ್ಟಿಗೆಯಲ್ಲಿ ಇಟ್ಟರೆ ಒಂದೇ ಮಳೆಗಾಲ ಸಾಕು.

ಶಟರ್ ಪರೀಕ್ಷೆಗೆ ಮೊಬೈಲ್ ಸಾಕಾಯಿತು. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಸ್ಲೋ ಮೋಷನ್‌ನಲ್ಲಿ, ಕಿಟಕಿಯ ಬೆಳಕಿಗೆ ಲೆನ್ಸ್ ಹಿಡಿದು ಒಂದೊಂದೇ ವೇಗದಲ್ಲಿ ಬಿಟ್ಟು, ಶಟರ್ ತೆರೆದಿದ್ದ ಫ್ರೇಮುಗಳನ್ನು ಎಣಿಸಿದೆ. ಒಂದು ಸೆಕೆಂಡಿಗೆ 240 ಬರಬೇಕು, ಎಂಟನೇ ಒಂದಕ್ಕೆ 30. ನನ್ನದರಲ್ಲಿ ಒಂದು ಸೆಕೆಂಡ್ ಸರಿಯಾಗಿಯೇ ಇತ್ತು, ಎಂಟನೇ ಒಂದಕ್ಕೆ 46 ಬಂತು. ಅರ್ಧ ಸ್ಟಾಪ್‌ಗಿಂತ ತುಸು ಹೆಚ್ಚು ನಿಧಾನ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ). ಮೂರು ದಿನ ಬಿಟ್ಟು ಎಣಿಸಿದರೂ ಅಷ್ಟೇ ಬಂತು. ಒಂದೊಂದು ದಿನ ಒಂದೊಂದು ಸಂಖ್ಯೆ ಬಂದಿದ್ದರೆ ವಾಪಸ್ ಕೊಡುತ್ತಿದ್ದೆ. ನಿಧಾನವಾದರೂ ಒಂದೇ ಥರ ನಿಧಾನವಾಗಿದ್ದರೆ ಬದುಕಬಹುದು. ಪ್ರತಿ ವೇಗದ ನಿಜವಾದ ಲೆಕ್ಕವನ್ನು ಸಣ್ಣ ಚೀಟಿಯಲ್ಲಿ ಬರೆದು ಲೆನ್ಸ್ ಹಲಗೆಯ ಹಿಂಬದಿಗೆ ಅಂಟಿಸಿದ್ದೇನೆ. ಅಮ್ಮನ ಅಡುಗೆಮನೆಯ ಗೋಡೆಯ ಮೇಲಿನ ಹಾಲಿನ ಲೆಕ್ಕದ ಹಾಗಿದೆ.

210 ಹಾಕಿದ ಮೊದಲ ಬೆಳಗ್ಗೆ ಹೋಗಿದ್ದು ಅದೇ ಹೆಸರಿಲ್ಲದ ಗುಡ್ಡಕ್ಕೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಹಳೆಯ ಜಾಗದಲ್ಲೇ ಟ್ರೈಪಾಡ್ ಊರಿ ಬಟ್ಟೆಯೊಳಗೆ ಹೋದೆ. ಕಂಬ ಇಲ್ಲ, ಬೇಲಿ ಇಲ್ಲ. ಮೂರು ಬಂಡೆಗಳ ಹೆಗಲು, ಮೇಲಿನ ಮೊಟ್ಟೆ, ಸೀಳು. ಗಾಜಿನ ಮೇಲೆ ಲೂಪ್ ಎಂಬ ಸಣ್ಣ ಭೂತಗನ್ನಡಿ ಇಟ್ಟು ನೋಡಿದರೆ ಬಸರಿ ಗಿಡದ ಎಲೆಗಳನ್ನು ಎಣಿಸಬಹುದಿತ್ತು. ಬಲಕ್ಕೆ ನಾಲ್ಕು ಹೆಜ್ಜೆ ಸರಿದೆ, ಮೇಲಿನ ಬಂಡೆಗೂ ಕೆಳಗಿನದಕ್ಕೂ ನಡುವೆ ಒಂದು ಬೆಳಕಿನ ಗೆರೆ ತೆರೆಯಿತು. ಇನ್ನೆರಡು ಹೆಜ್ಜೆ ಇಟ್ಟಾಗ ಮುಚ್ಚಿತು. ಹಿಂದೆ ಬಂದೆ. 90ರಲ್ಲಿ ಆ ಗೆರೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಎಫ್/32. ಬೆಳಕಿನ ಮೀಟರ್ ನಾಲ್ಕು ಸೆಕೆಂಡ್ ಹೇಳಿತು. ಇಲ್‌ಫೋರ್ಡ್ ಎಫ್‌ಪಿ4 ಫಿಲ್ಮ್ ಒಂದು ಸೆಕೆಂಡ್ ದಾಟಿದರೆ ಹೆಚ್ಚು ಬೆಳಕು ಕೇಳುತ್ತದೆ, ತಿದ್ದುಪಡಿ ಸೇರಿಸಿ ಸುಮಾರು ಆರು ಸೆಕೆಂಡ್. ಗಾಳಿ ನಿಲ್ಲುವ ತನಕ ಕಾದು ಕೇಬಲ್ ಒತ್ತಿ, ಮನಸ್ಸಿನಲ್ಲೇ ಎಣಿಸಿ ಬಿಟ್ಟೆ.

ಆ ನೆಗೆಟಿವ್ ಈಗ ನನ್ನ ಮುಂದೆ ಲೈಟ್ ಟೇಬಲ್ ಮೇಲಿದೆ. ಬಂಡೆ ಬಂಡೆಯಾಗಿಯೇ ಬಂದಿದೆ. ಗ್ರಾನೈಟಿನ ಕಣ, ನೀರಿಳಿದ ಕಪ್ಪು ಕರೆ, ಸೀಳಿನಲ್ಲಿ ಗಿಡದ ಬೇರು ಹಾವಿನಂತೆ ಇಳಿದದ್ದು, ಎಲ್ಲ ಇದೆ. ಕೆಳಗೆ ಎಡಮೂಲೆಯಲ್ಲಿ ಐದು ಮೀಟರ್ ದೂರದ ಕರಡದ ಹುಲ್ಲು ಮಸುಕಾಗಿದೆ. ಎಫ್/32ರಲ್ಲೂ ಏಳು ಮೀಟರ್‌ಗಿಂತ ಈಚಿನದನ್ನು ಈ ಲೆನ್ಸ್ ಹಿಡಿಯಲಾರದು, ಬಂಡೆ ನೆಟ್ಟಗಿರುವುದರಿಂದ ಟಿಲ್ಟ್ ಕೂಡ ಆಗಲಾರದು. ಮೂರು ಹೆಜ್ಜೆ ಹಿಂದೆ ನಿಂತಿದ್ದರೆ ಆಗುತ್ತಿತ್ತು, ಆದರೆ ಅಲ್ಲಿಂದ ಆ ಬೆಳಕಿನ ಗೆರೆ ಎಷ್ಟು ಉಳಿಯುತ್ತದೆಂದು ನೋಡಬೇಕು. ಸಂಕ್ರಾಂತಿ ಕಳೆದ ಮೇಲೆ ಕುರಿಗಳು ಆ ಹುಲ್ಲನ್ನು ಬುಡದ ತನಕ ಮೇಯ್ದಿರುತ್ತವೆ. ಆಗ ಮತ್ತೊಮ್ಮೆ ಹೋಗುತ್ತೇನೆ, ರಟ್ಟು ದಾರ ಎರಡನ್ನೂ ತಗೊಂಡು.